ಭರಮಸಾಗರದ ಮಳೆ, ನಾಲ್ಕು ಟೈರು

ಕಳೆದ ಅಕ್ಟೋಬರ್‌ನ ಒಂದು ಭಾನುವಾರ ರಾತ್ರಿ ಬೆಂಗಳೂರಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆ. ಚಿತ್ರದುರ್ಗ ದಾಟುವವರೆಗೆ ರಸ್ತೆ ಒಣಗಿಯೇ ಇತ್ತು. ಆಮೇಲೆ ಮಳೆ ಹಿಡಿಯಿತು. ಭರಮಸಾಗರದ ಹತ್ತಿರ ಹೈವೇಯ ಒಂದು ತಗ್ಗಿನಲ್ಲಿ ನೀರು ನಿಂತಿತ್ತು, ಕತ್ತಲಲ್ಲಿ ಕಾಣಲಿಲ್ಲ. ವೇಗ 90 ಇದ್ದಿರಬೇಕು. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರ ಆಯಿತು. ಕೈಯಲ್ಲಿ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಗಾಡಿ ರಸ್ತೆ ಮೇಲೆ ಇರಲಿಲ್ಲ, ನೀರಿನ ಮೇಲಿತ್ತು. ಬ್ರೇಕ್ ತುಳಿಯಲಿಲ್ಲ, ಸ್ಟೇರಿಂಗ್ ತಿರುಗಿಸಲಿಲ್ಲ, ಆಕ್ಸಿಲರೇಟರ್‌ನಿಂದ ಕಾಲು ಮಾತ್ರ ತೆಗೆದೆ. ಒಂದೆರಡು ಸೆಕೆಂಡಿನಲ್ಲಿ ಟೈರು ಮತ್ತೆ ಡಾಂಬರು ಹಿಡಿಯಿತು. ಪಕ್ಕದ ಲೇನಲ್ಲಿ ಲಾರಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚನೆ ಬರುತ್ತದೆ.

ಅದರ ಹಿಂದಿನ ದಿನ, ಶನಿವಾರ, ಇದೇ ಗಾಡಿಯನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಓಡಿಸಿದ್ದೆ. 3.7 ಕಿಲೋಮೀಟರ್ ರೇಸ್ ಟ್ರ್ಯಾಕ್, 12 ತಿರುವು. ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ನನ್ನದು ಹಳೇ ಫೋಕ್ಸ್‌ವ್ಯಾಗನ್ ಪೋಲೊ ಕಾರು, ಬೇರೆ ಗಾಡಿ ಇಲ್ಲ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 570 ಕಿಲೋಮೀಟರ್ ಅದರಲ್ಲೇ ಹೋಗಬೇಕು, ಟ್ರ್ಯಾಕ್ ಅದರಲ್ಲೇ ಓಡಿಸಬೇಕು, ಮನೆಗೂ ಅದರಲ್ಲೇ ಬರಬೇಕು, ಬಂದಮೇಲೆ ಅಪ್ಪನನ್ನು ಕೂರಿಸಿಕೊಂಡು ಜಗಳೂರು ಕಡೆ ಊರಿಗೂ ಹೋಗಬೇಕು. ಎಲ್ಲದಕ್ಕೂ ಅದೇ ನಾಲ್ಕು ಟೈರು.

ಟ್ರ್ಯಾಕ್‌ನಲ್ಲಿ 15 ನಿಮಿಷ ಜೋರಾಗಿ ಓಡಿಸಿದರೆ ಟೈರಿನ ಒಳಗಿನ ಗಾಳಿ ಕಾದು ಒತ್ತಡ ಏರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಮುಂದಿನ ಟೈರಲ್ಲಿ 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇತ್ತು, ಮೊದಲ ಸೆಷನ್ ಮುಗಿಸಿ ಬಂದಾಗ 40. ಅಷ್ಟು ಒತ್ತಡದಲ್ಲಿ ಟೈರು ಉಬ್ಬಿ ಹಿಡಿತ ಕಡಿಮೆ ಆಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತದೆ. ಅದಕ್ಕೆ ಎಲ್ಲರೂ ಮಾಡುವ ಹಾಗೆ ಬಿಸಿ ಇರುವಾಗಲೇ ಗಾಳಿ ಬಿಟ್ಟು 34ಕ್ಕೆ ತಂದೆ. ಗಾಡಿ ಚೆನ್ನಾಗಿ ತಿರುಗತೊಡಗಿತು. ದಿನವೆಲ್ಲ ಖುಷಿಯಾಗಿ ಓಡಿಸಿದೆ. ಸಂಜೆ ಮತ್ತೆ ಗಾಳಿ ತುಂಬಿಸಬೇಕಿತ್ತು, ತುಂಬಿಸಲಿಲ್ಲ. ಟೈರು ತಣ್ಣಗಾದ ಮೇಲೆ ಅದೇ 34 ಎಷ್ಟಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಲೇ ಇಲ್ಲ. ಸೋಮವಾರ ಬೆಳಿಗ್ಗೆ ಪಿಬಿ ರಸ್ತೆಯ ಟೈರ್ ಅಂಗಡಿಯಲ್ಲಿ ನೋಡಿದಾಗ ಮುಂದೆ ಎರಡರಲ್ಲೂ 27 ಇತ್ತು. ಗಾಳಿ ಕಡಿಮೆ ಇರುವ ಟೈರು ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲುತ್ತದೆ. ಅದು ಗೊತ್ತಿದ್ದೂ ಹಾಗೇ ಬಂದಿದ್ದೆ, ತಪ್ಪು ಪೂರ್ತಿ ನನ್ನದೇ.

ಅಂಗಡಿಯ ಹಿರಿಯರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಲಾರಿ ಟೈರು ಕೆಲಸದಲ್ಲೇ ಬೆಳೆದವರು. ಅವರು ಗೇಜ್ ಹಿಡಿಯುವ ಮೊದಲು ಟೈರನ್ನು ಅಂಗೈಯಿಂದ ಸವರುತ್ತಾರೆ, ಒಳಗಿಂದ ಹೊರಕ್ಕೆ ಒಂದು ಸಲ, ಹೊರಗಿಂದ ಒಳಕ್ಕೆ ಒಂದು ಸಲ.

'ತಮ್ಮಾ, ಇದನ್ನ ಎಲ್ಲಿ ಓಡ್ಸೀಯ? ಹೊರಗಿನ ಅಂಚು ತಿಂದು ಹೋಗೈತಿ, ಒಳಗೆ ಹಂಗೇ ಐತಿ.'

ನಿಜ. ಎಡ ಮುಂದಿನ ಟೈರಿನ ನಡುವೆ 4 ಮಿಲಿಮೀಟರ್ ಗೀರು ಉಳಿದಿತ್ತು, ಹೊರ ಅಂಚಲ್ಲಿ 2 ಕೂಡ ಇರಲಿಲ್ಲ. ಟೈರು ಮುಗಿಯಿತು ಎಂದು ತೋರಿಸುವ ಸವೆತದ ಗುರುತಿನ ದಿಬ್ಬ ಇರುವುದು 1.6ಕ್ಕೆ. ಆ ಟ್ರ್ಯಾಕ್‌ನಲ್ಲಿ ಬಲ ತಿರುವುಗಳು ಜಾಸ್ತಿ, ಭಾರವೆಲ್ಲ ಎಡ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಟೈರಿನ ಪಕ್ಕ ಮೆತ್ತಗಿದ್ದರೆ ಅದು ಮಡಚಿಕೊಂಡು ಅಂಚಿನ ಮೇಲೆ ನಿಲ್ಲುತ್ತದೆ. ಅಂಚಲ್ಲಿರುವ ಚಿಕ್ಕ ತ್ರಿಕೋನದ ಗುರುತನ್ನೂ ದಾಟಿ ಉಜ್ಜಿದ್ದನ್ನು ಚಾಚಾ ಬೆರಳಿಟ್ಟು ತೋರಿಸಿದರು. ಗಾಡಿಯ ಜೊತೆ ಬಂದಂಥ ಮೈಲೇಜ್ ಟೈರು ಅದು, ಆ ಕೆಲಸಕ್ಕೆ ಮಾಡಿದ್ದಲ್ಲ.

ಹಾಗಾದರೆ ಯಾವುದು ಹಾಕಿಸುವುದು? ಇಲ್ಲಿಂದ ನನ್ನ ತಲೆನೋವು ಶುರುವಾಯಿತು.

ಟ್ರ್ಯಾಕ್‌ನಲ್ಲಿ ಒಬ್ಬ ಗೆಳೆಯ ತನ್ನ ಸ್ವಿಫ್ಟ್‌ಗೆ ಯೊಕೊಹಾಮಾ ಅಡ್ವಾನ್ ನಿಯೋವಾ ಹಾಕಿಸಿದ್ದ. ಅದರ ಟ್ರೆಡ್‌ವೇರ್ 180. ಈ ಸಂಖ್ಯೆ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 100 ಅಂಕದ ಒಂದು ಮಾದರಿ ಟೈರಿಗೆ ಹೋಲಿಸಿ ಎಷ್ಟು ನಿಧಾನ ಸವೆಯುತ್ತದೆ ಅನ್ನುವ ಲೆಕ್ಕ ಅದು. 200ರ ಸುತ್ತ ಇದ್ದರೆ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಬೇಗ ಮುಗಿಯುತ್ತದೆ. 400ರ ಮೇಲೆ ಇದ್ದರೆ ಬಾಳಿಕೆಯ ಟೈರು. ಅಂಕ ಕೊಡುವುದು ಕಂಪನಿಯವರೇ ಆದ್ದರಿಂದ ಒಂದು ಕಂಪನಿಯ 300, ಇನ್ನೊಂದರ 300 ಒಂದೇ ಅಂತ ತಿಳಿಯಬಾರದು. ಗೆಳೆಯನ ಗಾಡಿಯಲ್ಲಿ ಒಂದು ಸುತ್ತು ಕೂತಿದ್ದೆ. ಆ ಹಿಡಿತ ಕಂಡು ನಿಜವಾಗಿಯೂ ಆಸೆ ಹುಟ್ಟಿತು. ಆದರೆ ಅವನು ಇನ್ನೊಂದು ಜೊತೆ ರಿಮ್‌ಗೆ ರಸ್ತೆ ಟೈರು ಹಾಕಿಸಿ ಹಿಂದೆ ತುಂಬಿಕೊಂಡು ಬಂದಿದ್ದ. ನನಗೆ ಅದಕ್ಕೆ ದುಡ್ಡೂ ಇಲ್ಲ, ಮನೆಯಲ್ಲಿ ಜಾಗವೂ ಇಲ್ಲ.

ಮೊದಲೇ ನನ್ನ ಗಾಡಿಯ 15 ಇಂಚಿನ ರಿಮ್‌ಗೆ ಒಳ್ಳೆ ಟೈರು ಕಡಿಮೆ. 2020ರ ಜೂನ್‌ನಲ್ಲಿ ಸರ್ಕಾರ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿಂದ ಬರುವುದು ಇನ್ನೂ ಕಷ್ಟ ಆಯಿತು. ಫೋನಲ್ಲಿ ವಿಚಾರಿಸುವಾಗ ಬೇರೆ ಊರಿನ ಅಂಗಡಿಯವರೊಬ್ಬರು 'ಹೊರದೇಶದ ಟೈರು ಇದೆ ಸರ್, ಹೊಸದು, 200 ಟ್ರೆಡ್‌ವೇರ್' ಎಂದರು. ತಾರೀಖಿನ ಫೋಟೊ ಕಳಿಸಿ ಎಂದೆ. ಎರಡು ಸಲ ಕೇಳಿದ ಮೇಲೆ ಕಳಿಸಿದರು. ಪಕ್ಕದಲ್ಲಿ 4218 ಎಂದಿತ್ತು, ಅಂದರೆ 2018ರ 42ನೇ ವಾರ. ಬಳಸದಿದ್ದರೂ ವಯಸ್ಸಾದ ರಬ್ಬರ್ ಗಟ್ಟಿ ಆಗುತ್ತದೆ. ಮೆತ್ತಗಿನ ರಬ್ಬರಿಗಾಗಿ ದುಡ್ಡು ಕೊಟ್ಟು ಗಟ್ಟಿಯಾದದ್ದನ್ನು ತರುವುದು ಯಾಕೆ? ಬೇಡ ಎಂದೆ. ಆದರೆ ಬೇಜಾರಾಯಿತು, ತಾರೀಖು ಓದಲು ಬರದವರಿಗೆ ಇದನ್ನೇ ಹೊಸದು ಎಂದು ಕೊಡುತ್ತಾರಲ್ಲ ಅಂತ. ಆ ನಾಲ್ಕು ಅಂಕಿ ನೋಡದೆ ಟೈರು ತಗೋಬೇಡಿ, ದಯವಿಟ್ಟು.

ಇನ್ನು ಅಳತೆ. ಕಂಪನಿಯದು 185/60 ಆರ್15, ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 60, ರಿಮ್ 15 ಇಂಚು. ಗೆಳೆಯರು 205/50 ಹಾಕಿಸು, ಅಗಲ ಇದ್ದಷ್ಟೂ ಹಿಡಿತ ಅಂದರು. ಆ ಅಳತೆಯಲ್ಲಿ ಪಕ್ಕದ ಎತ್ತರ 111ರಿಂದ 102 ಮಿಲಿಮೀಟರಿಗೆ ಇಳಿಯುತ್ತದೆ. ಜಗಳೂರು ರಸ್ತೆಯ ಗುಂಡಿ ಗೊತ್ತಿದ್ದವರು ಹಾಗೆ ಹೇಳುತ್ತಿರಲಿಲ್ಲ. ನಾನು ಆರಿಸಿದ್ದು 195/55. ಪಕ್ಕದ ಎತ್ತರ 107, ಅಂದರೆ ಸ್ವಲ್ಪ ಬಿಗಿ ಆದರೂ ಗುಂಡಿಗೆ ಜಾಗ ಉಳಿಯುತ್ತದೆ. ಪೂರ್ತಿ ಎತ್ತರ 603ರಿಂದ ಸುಮಾರು 595ಕ್ಕೆ ಬರುತ್ತದೆ, ಸ್ಪೀಡೋಮೀಟರ್‌ನಲ್ಲಿ ಬರೀ 1.2 ಶೇಕಡಾ ವ್ಯತ್ಯಾಸ. ಗಾಡಿ 4 ಮಿಲಿಮೀಟರ್ ಕೂಡ ತಗ್ಗುವುದಿಲ್ಲ. ಲೋಡ್ ಇಂಡೆಕ್ಸ್ 85, ಒಂದು ಟೈರು 515 ಕಿಲೋ ಹೊರುತ್ತದೆ. ವೇಗದ ಅಕ್ಷರ ವಿ, 240ರವರೆಗೆ. ಅಷ್ಟು ವೇಗ ಯಾರಿಗೂ ಬೇಡ, ಆದರೆ ಆ ಅಕ್ಷರ ಬಿಸಿ ತಡೆಯುವ ಶಕ್ತಿಯನ್ನೂ ಹೇಳುತ್ತದೆ, ಟ್ರ್ಯಾಕ್‌ನಲ್ಲಿ ನನಗೆ ಬೇಕಾದದ್ದು ಅದೇ.

ರಬ್ಬರ್ ವಿಷಯದಲ್ಲಿ ಎರಡು ದಿನ ಒದ್ದಾಡಿದೆ. ಕೊನೆಗೆ ಚಾಚಾ ಕೇಳಿದ ಒಂದು ಪ್ರಶ್ನೆ ದಾರಿ ಮಾಡಿತು. 'ವರ್ಷದಾಗ ಎಷ್ಟು ದಿನ ಅಲ್ಲಿ ಓಡಸ್ತಿ?' ಎರಡು ದಿನ ಎಂದೆ. 'ಮಳ್ಯಾಗ ಎಷ್ಟು ದಿನ?' ಅದಕ್ಕೆ ಉತ್ತರ ಕೊಡಲಿಲ್ಲ, ಭರಮಸಾಗರದ ನೀರು ಕಣ್ಣ ಮುಂದೆ ಬಂತು. ಟ್ರ್ಯಾಕ್‌ಗೇ ಮಾಡಿದ ಟೈರಿನಲ್ಲಿ ನೀರು ಹೊರಹಾಕುವ ಗೀರು ಕಡಿಮೆ ಇರುತ್ತದೆ, ಆ ರಬ್ಬರ್ ಬಿಸಿಯಾದ ಮೇಲೆಯೇ ಸರಿಯಾಗಿ ಹಿಡಿಯುವುದು. ನಮ್ಮ ಕಡೆ ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತಂದು ಬಿಡುತ್ತವೆ, ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬೆಣ್ಣೆ ಸವರಿದ ಹಾಗೆ. ಹಾಗಾಗಿ ನಮ್ಮ ದೇಶದಲ್ಲೇ ಮಾಡಿದ, 300ಕ್ಕೂ ಸ್ವಲ್ಪ ಮೇಲಿನ ಟ್ರೆಡ್‌ವೇರ್‌ನ, ನಡುವೆ ನಾಲ್ಕು ಆಳದ ಗೀರು ಇರುವ, ಹೊರ ಅಂಚಿನ ರಬ್ಬರ್ ದಪ್ಪ ಇರುವ ರಸ್ತೆ ಟೈರನ್ನೇ ಆರಿಸಿದೆ. ಟ್ರ್ಯಾಕ್‌ನಲ್ಲಿ ಒಂದೆರಡು ಸೆಕೆಂಡು ಹೋದರೂ ಪರವಾಗಿಲ್ಲ ಅನ್ನಿಸಿತು. ಎರಡೇ ಹಾಕಿಸುವುದಾದರೆ ಹೊಸದು ಹಿಂದಿನ ಚಕ್ರಕ್ಕೆ ಇರಬೇಕು, ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯುವುದು ಕಷ್ಟ. ನಾನು ನಾಲ್ಕೂ ಬದಲಿಸಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಸೇರಿ 29 ಸಾವಿರ ಆಯಿತು.

ತಾರೀಖು ನೋಡಿದೆ, ನಾಲ್ಕೂ ಆರು ವಾರದ ಹಿಂದಿನವು. ಚಾಚಾ ನಕ್ಕು, 'ನಾ ಹಳೇದ್ ಕೊಡಂಗಿಲ್ಲಪ್ಪ' ಎಂದರು. ನೋಡಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಗೇಜ್ ಒಂದು, ಕಾಲಲ್ಲಿ ಒತ್ತುವ ಪಂಪ್ ಒಂದು ಅಲ್ಲೇ ತಗೊಂಡೆ. ಈಗ ಅವೆರಡೂ ಸ್ಟೆಪ್ನಿ ಜೊತೆಗೇ ಇರುತ್ತವೆ. ಟ್ರ್ಯಾಕ್‌ನಿಂದ ಹೊರಡುವ ಮೊದಲು ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿಯೇ ಗೇಟು ದಾಟುವುದು, ಮಾರನೇ ದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ನೋಡುವುದು.

ಹೊಸ ಟೈರಿನ ಮೇಲ್ಪದರ ನುಣುಪಾಗಿರುತ್ತದೆ, ಮೊದಲ 300 ಕಿಲೋಮೀಟರ್ ನಿಧಾನ ಓಡಿಸು ಎಂದಿದ್ದರು ಚಾಚಾ. ಅದು ಮುಗಿದ ವಾರ ಅಪ್ಪನ ಜೊತೆ ಊರಿಗೆ ಹೊರಟೆ. ಮೆಕ್ಕೆಜೋಳದ ಸುಗ್ಗಿ, ಅರ್ಧ ರಸ್ತೆಗೆ ಕಾಳು ಹರವಿದ್ದರು, ಅಂಚಿಗೆ ಕಲ್ಲಿಟ್ಟಿದ್ದರು. ತಿರುವು ಮುಗಿಯುತ್ತಿದ್ದಂತೆ ಒಂದು ಕರು ಅಡ್ಡ ಬಂತು. ಬ್ರೇಕ್ ತುಳಿದೆ. ಗಾಡಿ ಆಕಡೆ ಈಕಡೆ ಎಳೆಯದೆ, ಕಾಳಿನ ಅಂಚಿಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತಿತು. ಅಪ್ಪ ಡ್ಯಾಶ್‌ಬೋರ್ಡ್ ಮೇಲಿಂದ ಕೈ ತೆಗೆದರು.

ಜೋಳ ಕೆದರುತ್ತಿದ್ದ ಅಜ್ಜಿ ಕರುವನ್ನು ಎಳೆದುಕೊಂಡು ಕಿಟಕಿ ಹತ್ತಿರ ಬಂದಳು. 'ಮೆಲ್ಲಕ ಹೋಗಪ್ಪಾ, ಕಾಳ್ ಮ್ಯಾಲೆ ಗಾಲಿ ಜಾರ್ತಾವು.'

'ಹೂಂ ಅಜ್ಜಿ' ಎಂದೆ. ಒಂದನೇ ಗೇರಿನಲ್ಲಿ ಕಾಳು ಬಳಸಿಕೊಂಡು ಮುಂದೆ ಹೋದೆ.