ಸ್ಟೀರಿಂಗ್ ಒಳಗಿನ ಟಕ್ ಟಕ್

ಅಪ್ಪನ ಮಾರುತಿ 800 ಕಾರು 1998ರದ್ದು. ಕಾರ್ಬುರೇಟರ್ ಗಾಡಿ, ಪವರ್ ಸ್ಟೀರಿಂಗ್ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವುದು ಅವರಿಗೆ ರೂಢಿ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಘಾಟಿ ಹತ್ತಿ ಬಂದವರು ಕೀಲಿಯನ್ನು ಮೇಜಿನ ಮೇಲಿಟ್ಟು, "ಇನ್ನು ಈ ಗಾಡಿ ಘಾಟಿಗೆ ಬೇಡ ಮಾರಾಯ. ನಾನು ತಿರುಗಿಸಿದ ಮೇಲೆ ಸ್ವಲ್ಪ ಯೋಚನೆ ಮಾಡಿ ತಿರುಗುತ್ತೆ" ಅಂದರು. ಅಷ್ಟೊಂದು ಹೇರ್‌ಪಿನ್ ತಿರುವುಗಳಿರುವ ದಾರಿ ಅದು. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೂ ಮುಂಚೆ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆಯ ಟೈ ರಾಡ್ ಎಂಡ್, ಅಂದರೆ ಚಕ್ರವನ್ನು ತಿರುಗಿಸುವ ಕಂಬಿಯ ತುದಿ, ಬದಲಾಯಿಸಿದ್ದರು. ವೀಲ್ ಅಲೈನ್‌ಮೆಂಟ್ ಎರಡು ಸಲ ಆಗಿತ್ತು. ಸ್ಟೀರಿಂಗ್ ತಿರುಗಿಸುವಾಗಿನ ಟಕ್ ಟಕ್ ಸದ್ದು ಹೋಗಲಿಲ್ಲ. ಕೊನೆಗೆ, ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕನ್ನೇ ಬದಲಾಯಿಸಬೇಕು ಅಂದರು.

ನಮ್ಮ ಮನೆ ಹಿಂದಿನ ಬೀದಿಯಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಕರೆಯುವುದು ಮೇಸ್ತ್ರಿ ಅಂತಲೇ. ಭಾನುವಾರ ಬೆಳಿಗ್ಗೆ ಬಂದರು. ಸ್ಪ್ಯಾನರ್ ಮುಟ್ಟಲೇ ಇಲ್ಲ. "ತಮ್ಮಾ, ನೀನು ಸ್ಟೀರಿಂಗ್ ಹಿಡಿದು ಸುಮ್ನೆ ಎಡಕ್ಕೆ ಬಲಕ್ಕೆ ಒಂದೆರಡು ಬೆರಳಿನಷ್ಟು ಅಲ್ಲಾಡಿಸು" ಅಂತ ಹೇಳಿ, ಸ್ಟೀರಿಂಗಿನಿಂದ ಕೆಳಗಿಳಿಯುವ ಕಂಬದ, ಅಂದರೆ ಕಾಲಂನ, ಕೆಳತುದಿಯ ಜಾಯಿಂಟ್ ಮೇಲೆ ಕೈಯಿಟ್ಟು ಕೂತರು. ಆಮೇಲೆ ನನ್ನನ್ನೂ ಅಲ್ಲಿ ಕೈಯಿಡಿಸಿದರು. ಜಾಯಿಂಟಿನ ಮೇಲಿನ ಭಾಗ ತಿರುಗುತ್ತಿತ್ತು, ಕೆಳಗಿನ ಭಾಗ ಕದಲದೆ ನಿಂತಿತ್ತು. ಎರಡನ್ನೂ ಸೇರಿಸುವ ಮಧ್ಯದ ಕ್ರಾಸ್ ಸವೆದು ಹೋಗಿತ್ತು. ಇನ್ನು ಸ್ಟೀರಿಂಗನ್ನು ಮೇಲೆ ಕೆಳಗೆ ಎತ್ತಿದರೆ ಅದೂ ಆಡುತ್ತಿತ್ತು. ಅಂದರೆ ಕಾಲಂ ಒಳಗೆ ಶಾಫ್ಟನ್ನು ಅಲ್ಲಾಡದಂತೆ ಹಿಡಿಯುವ ಬಳೆ, ಮೇಲಿನ ಬುಷ್ ಕೂಡ ಮುಗಿದಿತ್ತು. ಐದು ನಿಮಿಷದ ಪರೀಕ್ಷೆ ಅಲ್ವಾ? ಇದನ್ನು ಮೊದಲೇ ಮಾಡಿದ್ದರೆ ಚಕ್ರದ ಕಡೆ ಅಷ್ಟು ದುಡ್ಡು ಹಾಕುವ ಅಗತ್ಯವೇ ಇರಲಿಲ್ಲ.

ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆವು. ಮುಂದಿನ ಚಕ್ರ ನೇರ ಮಾಡಿ, ಸ್ಟೀರಿಂಗ್ ಮತ್ತು ಅದು ಕೂತಿರುವ ಶಾಫ್ಟ್ ಮೇಲೆ ಬಿಳಿ ಪೇಂಟಿನ ಗುರುತು ಹಾಕಿದೆವು. ಸ್ಟೀರಿಂಗ್ ಬಿಗಿಯಾಗಿ ಕೂತಿತ್ತು. ನಟ್ ಪೂರ್ತಿ ತೆಗೆಯಬೇಡ, ನಾಲ್ಕು ಸುತ್ತು ಹಾಗೇ ಇರಲಿ ಅಂದರು ಮೇಸ್ತ್ರಿ. ಇಲ್ಲದಿದ್ದರೆ ಎಳೆಯುವಾಗ ಒಮ್ಮೆಲೇ ಕಿತ್ತು ಬಂದು ಮುಖಕ್ಕೆ ಬಡಿಯುತ್ತೆ. ಸುತ್ತಿಗೆಯಿಂದ ಶಾಫ್ಟಿಗೆ ಹೊಡೆಯಲು ಬಿಡಲೇ ಇಲ್ಲ.

ಬುಷ್ ಮಾಡಿಸಲು ಲೇತ್ ಅಂಗಡಿಗೆ ಹೋದೆ. ನೈಲಾನ್ ರಾಡಿನಿಂದ ಮೊದಲು ಮಾಡಿಕೊಟ್ಟದ್ದು ಸ್ವಲ್ಪ ಬಿಗಿ. ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಮತ್ತೆ ಹೋಗಿ ಕೂದಲೆಳೆಯಷ್ಟು ಒಳಗೆ ಸವೆಸಿದ ಮೇಲೆ, ಗ್ರೀಸ್ ಹಚ್ಚಿದಾಗ ಶಾಫ್ಟ್ ಬೆರಳಲ್ಲೇ ತಿರುಗಿತು, ಆದರೆ ಅಲ್ಲಾಡಲಿಲ್ಲ.

ಅಲ್ಲೇ ಇದ್ದ ಒಬ್ಬರು, ಹಳೇ ಜಾಯಿಂಟಿಗೆ ಎರಡು ಕಡೆ ವೆಲ್ಡಿಂಗ್ ಹೊಡೆದರೆ ಆಡೋದು ನಿಲ್ಲುತ್ತೆ, ಹೊಸದು ಯಾಕೆ ಅಂದರು. ಈ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತೆ. ಆ ಜಾಯಿಂಟ್ ಇರುವುದೇ ಬಾಗಿ ತಿರುಗಲಿಕ್ಕೆ. ವೆಲ್ಡ್ ಬಿಟ್ಟುಕೊಂಡರೆ ಸ್ಟೀರಿಂಗ್ ಕೈಯಲ್ಲಿರುತ್ತೆ, ಗಾಡಿ ಪ್ರಪಾತದಲ್ಲಿರುತ್ತೆ. ನಾಲ್ಕು ದಿನ ಕಾದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಜಾಯಿಂಟ್ ತರಿಸಿದೆ.

ಕೂರಿಸುವಾಗ ಮೇಸ್ತ್ರಿ ಜಾಸ್ತಿ ಹೊತ್ತು ತಗೊಂಡದ್ದು ಒಂದೇ ಬೋಲ್ಟಿಗೆ. ಶಾಫ್ಟಿನ ಪಕ್ಕದಲ್ಲಿ ಒಂದು ಕಚ್ಚು ಕೊರೆದಿರುತ್ತದೆ. ಜಾಯಿಂಟನ್ನು ಬಿಗಿ ಮಾಡುವ ಬೋಲ್ಟ್ ಅದರ ಮೂಲಕವೇ ಹಾಯಬೇಕು. ಆಗ ಬೋಲ್ಟ್ ಸ್ವಲ್ಪ ಸಡಿಲವಾದರೂ ಶಾಫ್ಟ್ ಜಾರಿ ಹೊರಗೆ ಬರುವುದಿಲ್ಲ. ಟಾರ್ಚ್ ಹಿಡಿದು ನನಗೂ ತೋರಿಸಿ, ನಾನು ನೋಡಿದೆ ಅಂದ ಮೇಲೆಯೇ ಬಿಗಿ ಮಾಡಿದರು.

ಅಪ್ಪನನ್ನೇ ಓಡಿಸಲು ಕೂರಿಸಿದೆವು. ಕುಶಾವತಿ ಸೇತುವೆ ತನಕ ಹೋಗಿ ಬಂದರು. ಸದ್ದಿಲ್ಲ, ಆಟವಿಲ್ಲ. ಆದರೂ ಇಳಿಯಲಿಲ್ಲ. "ನೇರ ಹೋಗುವಾಗ ಸ್ಟೀರಿಂಗ್ ಚೂರು ಎಡಕ್ಕೆ ನಿಲ್ಲುತ್ತೆ, ಮೇಸ್ತ್ರಿ" ಅಂದರು. ಹೊಸ ಜಾಯಿಂಟ್ ಕೂರಿಸುವಾಗ ಶಾಫ್ಟಿನ ಸುತ್ತಲಿನ ಹಲ್ಲುಗಳಲ್ಲಿ ಒಂದು ಹಲ್ಲು ಆಚೀಚೆ ಆಗಿತ್ತು. ಮತ್ತೆ ಸ್ಟೀರಿಂಗ್ ಎಳೆದು, ಒಂದು ಹಲ್ಲು ಬಲಕ್ಕೆ ಸರಿಸಿ ಕೂರಿಸಿದೆವು. ಈ ಸಲ ಅಪ್ಪ ಹೋದವರು ಎರಡು ಗಂಟೆ ಬಿಟ್ಟು ಬಂದರು. ಆಗುಂಬೆಯಿಂದ ತಂದ ಬಿಸಿ ಗೋಳಿಬಜೆ ಪೊಟ್ಟಣ ಮೇಸ್ತ್ರಿ ಕೈಗೆ ಕೊಟ್ಟರು.