ಮಿಲ್ಟ್ರಿಯವರಿಗೆ ಒಂದು ಪೆಗ್

ನಮ್ಮ ಕಡೆ ಮಿಲ್ಟ್ರಿಯವರು ರಜೆಗೆ ಬಂದರೆ ಜನ ಮೊದಲು ಕೇಳುವುದೇ 'ಬಾಟ್ಲು ತಂದಿಯೇನಪ್ಪಾ?' ಅಂತ. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ ಆಗಬೇಕು, ಮದ್ರಾಸ್ ರೆಜಿಮೆಂಟಿನಲ್ಲಿ ಹವಾಲ್ದಾರ್. ಊರು ಜಗಳೂರು ಕಡೆ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅಷ್ಟರೊಳಗೇ ಹೊಲ, ಮಕ್ಕಳ ಸ್ಕೂಲು, ನೆಂಟರ ಮದುವೆ ಎಲ್ಲಾ ಮುಗಿಯಬೇಕು. ಕ್ಯಾಂಟೀನ್ ರಮ್ಮು ಕಾರ್ಡಿನ ಮೇಲೆ ತಿಂಗಳಿಗೆ ಇಷ್ಟು ಅಂತ ಲೆಕ್ಕದಲ್ಲಿ ಕೊಡುತ್ತಾರೆ, ಮಾರುವ ಹಾಗಿಲ್ಲ ಅಂತ ಹೇಳಿ ಹೇಳಿ ಅವನಿಗೆ ಸಾಕಾಗಿದೆ. ಮಿಲ್ಟ್ರಿ ಅಂದರೆ ಕುಡಿತ ಅಂತ ನಮ್ಮ ಜನ ಯಾವಾಗ ತೀರ್ಮಾನ ಮಾಡಿಬಿಟ್ಟರೋ ಏನೋ.

ಕಳೆದ ಸಲ ಬಂದಾಗ ಬೋರ್‌ವೆಲ್ ಮೋಟರ್ ಸುಟ್ಟಿತ್ತು. ರಿವೈಂಡಿಂಗ್‌ಗೆ ಕೊಡಲು ಇಬ್ಬರೂ ದಾವಣಗೆರೆಗೆ ಬಂದೆವು. ಸಂಜೆ ಆಗುತ್ತದೆ ಅಂದರು. ಮಂಡಿಪೇಟೆ ಸುತ್ತಿ ಆಯಿತು, ಬೆಣ್ಣೆದೋಸೆ ತಿಂದೂ ಆಯಿತು. ಕೊನೆಗೆ ಪಿ.ಬಿ. ರಸ್ತೆಯ ಒಂದು ಬಾರಿನಲ್ಲಿ ಹೋಗಿ ಕೂತೆವು.

ಅಣ್ಣ ಹಾಕಿಕೊಂಡಿದ್ದು ಚೌಕಳಿ ಶರ್ಟು, ಮಾಮೂಲಿ ಪ್ಯಾಂಟು. ಆದರೂ ಕಟಿಂಗ್ ನೋಡಿಯೇ ಸಪ್ಲೈಯರ್ 'ಸಾರ್, ಮಿಲ್ಟ್ರೀನಾ?' ಅಂದ. ಪಕ್ಕದ ಟೇಬಲ್ಲಿನ ಹುಡುಗರ ಕಿವಿಗೆ ಅದು ಬಿತ್ತು. ಯಾವ ರೆಜಿಮೆಂಟು ಅಂತ ಕೇಳಿದರು, ಅಣ್ಣ ಹೇಳಿದ. ಒಬ್ಬ ತಕ್ಷಣ 'ನಮ್ಮ ಹನುಮಂತಪ್ಪ ಕೊಪ್ಪದ ಅವರ ರೆಜಿಮೆಂಟಾ?' ಅಂದ. ಹೌದು ಅಂದ ಅಣ್ಣ. ಬೇರೆ ಬೆಟಾಲಿಯನ್, ಆದರೆ ರೆಜಿಮೆಂಟ್ ಅದೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಪೋಸ್ಟಿನ ಮೇಲೆ ಹಿಮ ಕುಸಿದು 19 ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಸಿಕ್ಕಿಕೊಂಡಿದ್ದು, ಆರು ದಿನದ ಮೇಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಒಬ್ಬರೇ ಉಸಿರಾಡುತ್ತಾ ಸಿಕ್ಕಿದ್ದು, 11ನೇ ತಾರೀಖು ದೆಹಲಿಯಲ್ಲಿ ಹೋಗಿಬಿಟ್ಟಿದ್ದು ಈ ಸೀಮೆಯವರಿಗೆ ಮರೆಯುವಂಥದ್ದಲ್ಲ. ಆಗ ಪೂಜೆ ಮಾಡಿಸದ ಊರು ಕಡಿಮೆ. ಆ ಹುಡುಗರು ಎದ್ದು ನಿಂತರು. ಹಿಂದಿನ ಟೇಬಲ್ಲಿನವರೂ ಎದ್ದರು. ಅಣ್ಣನೂ ಎದ್ದು ಕೈ ಮುಗಿದ. ನನಗೆ ಗಂಟಲು ಕಟ್ಟಿತು. ಅದು ಮನಸ್ಸಿನಿಂದ ಬಂದ ಗೌರವ, ಅನುಮಾನವೇ ಇಲ್ಲ.

ಆಮೇಲೆ ಪೆಗ್ ಬರಲು ಶುರುವಾಯಿತು. ನಮ್ಮ ಕಡೆಯಿಂದ ಒಂದು ಸಾರ್, ಇವರ ಕಡೆಯಿಂದ ಒಂದು ಸಾರ್. ಅಣ್ಣ ಎರಡಕ್ಕೇ ನಿಲ್ಲಿಸುವವನು. ಬೇಡ ಅಂದರೆ 'ಏನ್ ಸಾರ್, ಮಿಲ್ಟ್ರಿಯವ್ರಾಗಿ ಎರಡಕ್ಕೇ ಸಾಕಾ?' ಅಂತ ಒಬ್ಬ. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ. ಎಷ್ಟು ಜನರನ್ನ ಹೊಡೆದಿದ್ದೀರಿ ಅಂತ ಇನ್ನೊಬ್ಬ. ಆ ಪ್ರಶ್ನೆಗೆ ಅಣ್ಣ ಉತ್ತರ ಕೊಡಲಿಲ್ಲ, ಕೊಡಬೇಕಾಗಿಯೂ ಇಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ, 1915ರಲ್ಲಿ, ಪಬ್ಬುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕುಡಿಸುವುದನ್ನೇ ನಿಷೇಧಿಸಿದ್ದರು. ಅವರವರ ಗ್ಲಾಸಿಗೆ ಅವರವರೇ ದುಡ್ಡು ಕೊಡಬೇಕಿತ್ತು. ಜನ ಸೈನಿಕರಿಗೆ ಕುಡಿಸಿ ಕುಡಿಸಿ ಹಾಳು ಮಾಡುತ್ತಾರೆ ಅನ್ನುವ ಚಿಂತೆಯೂ ಅದರ ಹಿಂದೆ ಇತ್ತು. ಆ ಸಂಜೆ ನನಗೆ ಅದು ಒಳ್ಳೆಯ ಕಾನೂನು ಅನ್ನಿಸಿತು.

'ಯೂನಿಫಾರಂ ಹಾಕ್ಕೊಂಡು ಬಂದಿದ್ರೆ ಸಕತ್ತಾಗಿರ್ತಿತ್ತು ಸಾರ್' ಅಂದ ಒಬ್ಬ. ತನ್ನ ಹತ್ತಿರವೂ ಒಂದು ಆರ್ಮಿ ಡ್ರೆಸ್ ಇದೆಯಂತೆ, ರೀಲ್ಸ್ ಮಾಡಲು. ಅಣ್ಣ ಮೊದಲ ಸಲ ಸ್ವಲ್ಪ ಗಟ್ಟಿಯಾಗಿ ಮಾತಾಡಿದ. 'ಅದನ್ನ ಹಾಕ್ಕೊಂಡು ಬಾರಿಗೆ ಬರಂಗಿಲ್ಲ ತಮ್ಮಾ. ಅದು ಮೈಮೇಲಿದ್ರೆ ನಾನು ಏನು ಮಾಡಿದ್ರೂ ರೆಜಿಮೆಂಟ್ ಮಾಡಿದಂಗೆ. ನೀನೂ ಹಾಕಬ್ಯಾಡ.' 2022ರ ಜನವರಿ 15ರ ಸೇನಾ ದಿನದಂದು ಹೊಸ ಯೂನಿಫಾರಂ ಬಂದ ಮೇಲೆ ಅದನ್ನು ಅಂಗಡಿಯಲ್ಲಿ ಮಾರುವ ಹಾಗಿಲ್ಲ ಅಂತಲೂ ಹೇಳಿದ. ಸೈನಿಕ ಅಂತ ನಂಬಿಸಲು ಆ ಬಟ್ಟೆ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್ನಿನಲ್ಲಿ ಮೂರು ತಿಂಗಳವರೆಗೆ ಜೈಲು ಇಲ್ಲವೇ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಹುಡುಗ ಸುಮ್ಮನಾದ.

ಅತ್ತಿಗೆ ಫೋನ್ ಬಂತು ಅಂತ ಅಣ್ಣ ಹೊರಗೆ ಹೋದ, ನಾನೂ ಎದ್ದೆ. ಬಾಗಿಲಲ್ಲಿ ಸೆಕ್ಯುರಿಟಿಯವರು, ವಯಸ್ಸು ಐವತ್ತು ದಾಟಿದೆ. ಅಡ್ಡ ನಿಲ್ಲಿಸಿದ ಬೈಕ್ ತೆಗೆಯಿರಿ ಅಂತ ಒಬ್ಬನಿಗೆ ಹೇಳುತ್ತಿದ್ದರು. ಅವನು 'ಏಯ್ ಸುಮ್ನಿರಪ್ಪ, ಈಗ ಬರ್ತೀನಿ' ಅಂತ ಅವರ ಮುಖವನ್ನೂ ನೋಡದೆ ಒಳಗೆ ನುಗ್ಗಿದ. ಸ್ವಲ್ಪ ಹೊತ್ತಿನ ಮುಂಚೆ ಎದ್ದು ನಿಂತವರಲ್ಲಿ ಅವನೂ ಒಬ್ಬ, ಸಿಗರೇಟು ತರಲು ಹೋಗಿದ್ದ. ಅಣ್ಣ ಫೋನ್ ಇಟ್ಟು ಆ ಹಿರಿಯರು ನಿಂತ ರೀತಿಯನ್ನೇ ನೋಡಿದ. ಬೂಟು ಮಿಂಚುತ್ತಿದ್ದವು, ಕೈ ಬೆನ್ನ ಹಿಂದೆ. 'ರಾಮ್ ರಾಮ್ ಸಾಬ್. ಕೌನ್ಸಿ ಯೂನಿಟ್?' ಅಂದ. ಅವರು ಥಟ್ಟನೆ ಸಾವಧಾನ್ ಆದರು.

ಎಎಸ್‌ಸಿಯಲ್ಲಿ, ಅಂದರೆ ಸೇನೆಗೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ, ಡ್ರೈವರ್ ಆಗಿದ್ದರಂತೆ, ನಾಯಕ್ ಆಗಿ ರಿಟೈರ್. 1999ರ ಕಾರ್ಗಿಲ್ ಯುದ್ಧದಲ್ಲಿ ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆಯಲ್ಲಿ ಮದ್ದುಗುಂಡಿನ ಲಾರಿ ಓಡಿಸಿದವರು. ದ್ರಾಸ್ ಹತ್ತಿರ ಆ ರಸ್ತೆ ತೋಲೋಲಿಂಗ್ ಬೆಟ್ಟದ ಮೇಲಿಂದ ಚೆನ್ನಾಗಿ ಕಾಣುತ್ತದೆ, ಮೇಲೆ ಕೂತವರು ನೋಡಿ ನೋಡಿ ಶೆಲ್ ಹಾಕುತ್ತಿದ್ದರು. ಅದಕ್ಕೇ ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಓಡಿಸಬೇಕಿತ್ತು. ಇಬ್ಬರೂ ಕನ್ನಡದವರೇ, ಆದರೂ ತುಂಬಾ ಹೊತ್ತು ಹಿಂದಿಯಲ್ಲೇ ಮಾತಾಡಿದರು. ಪಿಂಚಣಿ ಬರುತ್ತದೆ, ಮಗಳ ಕಾಲೇಜು ಫೀಸಿಗೆ ಸಾಲದು, ಹನ್ನೆರಡು ಗಂಟೆ ಡ್ಯೂಟಿ, ನಿಂತೇ ಇರಬೇಕು. ಕುಡಿಯಲು ಏನಾದರೂ ಅಂದರೆ 'ಡ್ಯೂಟಿ ಮೇಲಿದೀನಿ ಸಾಬ್, ಚಾ ಸಾಕು' ಅಂದರು. ಗಾಡಿಯಿಂದ ಮೂರು ಟೀ ತಂದೆ.

ಅಣ್ಣ ಒಳಗೆ ಹೋಗಿ ಆ ಹುಡುಗನಿಗೆ ಬೈಕ್ ತೆಗೆಯಪ್ಪ ಅಂದ. ಓಡಿ ಬಂದು ತೆಗೆದ. ಅದೇ ಬೈಕು, ಅದೇ ಮಾತು! ನನಗೆ ಸಿಟ್ಟು ಬಂದಿದ್ದು ಅಲ್ಲಿ. ಈ ಹುಡುಗನ ತಮ್ಮನೇ ಅಗ್ನಿವೀರನಂತೆ. 2022ರಲ್ಲಿ ಬಂದ ಯೋಜನೆ ಅದು. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಮುಂದುವರಿಕೆ. ಉಳಿದವರು ಇನ್ನೂ ಹುಡುಗರಾಗಿರುವಾಗಲೇ ಪಿಂಚಣಿಯೂ ಇಲ್ಲದೆ ಊರಿಗೆ ಬರುತ್ತಾರೆ. ಅವರಲ್ಲಿ ಎಷ್ಟೋ ಜನ ನಾಳೆ ಇಂಥದ್ದೇ ಬಾಗಿಲಲ್ಲಿ ನಿಲ್ಲುವವರು. ಅವರು ಯಾರು ಅಂತ ಆಗ ಯಾರು ಕೇಳುತ್ತಾರೆ?

ಬಿಲ್ ಅಣ್ಣನೇ ಕೊಟ್ಟ, ಎಷ್ಟು ಒತ್ತಾಯ ಮಾಡಿದರೂ ಬಿಡಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಮಾಲೀಕರಿಗೆ, ಬಾಗಿಲಲ್ಲಿ ಅವರಿಗೊಂದು ಕುರ್ಚಿ ಹಾಕಿಸಿ ಅಂದೆ. 'ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾರ್ರೀ' ಅಂದರು. ಲೈಟ್ ಆರಿಸಿಕೊಂಡು ದ್ರಾಸ್ ದಾಟಿದವರು ನಿಮ್ಮ ಬಾಗಿಲಲ್ಲಿ ನಿದ್ದೆ ಮಾಡಲ್ಲ ಅಂದೆ. ನೋಡೋಣ ಅಂದರು. ಆ ಕಡೆ ಹೋದಾಗಲೆಲ್ಲ ಕೇಳುತ್ತಿದ್ದೇನೆ, ಕೇಳುತ್ತಲೇ ಇರುತ್ತೇನೆ.