ಚಂದಾ ಎತ್ತುವ ವಿದ್ಯೆ

ಗಣಿತದ ಮೇಷ್ಟ್ರು ಕ್ಷಮಿಸಬೇಕು. ನಾನು ಓದಿದ ಈ ಕಾಲೇಜಿನಲ್ಲಿ ಕಲಿತದ್ದರಲ್ಲಿ ಅಮೆರಿಕದಲ್ಲಿ ನನ್ನ ಕೈ ಹಿಡಿದದ್ದು ಚಂದಾ ಎತ್ತುವ ವಿದ್ಯೆ. ಎನ್‌ಎಸ್‌ಎಸ್ ಶಿಬಿರಕ್ಕೆಂದು ರಸೀದಿ ಪುಸ್ತಕ ಹಿಡಿದು ಪೇಟೆಬೀದಿಗೆ ಹೊರಟಾಗ ಸಸ್ಯಶಾಸ್ತ್ರದ ಮೇಷ್ಟ್ರು ಗುಟ್ಟೊಂದನ್ನು ಹೇಳಿಕೊಟ್ಟಿದ್ದರು: "ಅಂಗಡಿಯಲ್ಲಿ ಗಿರಾಕಿಗಳಿರುವಾಗಲೇ ಕೇಳಿ. ನಾಲ್ಕು ಜನರೆದುರು ಇಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ."

ಸ್ನಾತಕೋತ್ತರ ಓದಿಗೆ ಹೋದ ವಿಶ್ವವಿದ್ಯಾಲಯದಲ್ಲಿ ಮಾರ್ಚ್ ತಿಂಗಳಲ್ಲಿ ತಲೆ ಬೋಳಿಸಿಕೊಳ್ಳುವ ಕಾರ್ಯಕ್ರಮವಿತ್ತು, ಸೇಂಟ್ ಬಾಲ್ಡ್ರಿಕ್ಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಯ ಪರವಾಗಿ. ತಲೆ ಕೊಡುವವರು ಪರಿಚಿತರಿಂದ ಅದರ ಹೆಸರಿನಲ್ಲಿ ಚಂದಾ ಎತ್ತಬೇಕು. ಟಿಮ್ ಕೆನ್ನಿ, ಜಾನ್ ಬೆಂಡರ್, ಎಂಡಾ ಮೆಕ್‌ಡೊನೆಲ್ ಎಂಬ ಮರುವಿಮೆ (ವಿಮಾ ಕಂಪನಿಗಳಿಗೇ ವಿಮೆ ಕೊಡುವ) ವ್ಯವಹಾರದ ಮೂವರು 2000ದ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ನ್ಯೂಯಾರ್ಕಿನ ಪಬ್ಬೊಂದರಲ್ಲಿ ಇದನ್ನು ಆರಂಭಿಸಿದರು. 17 ತಲೆ ಬೋಳಿಸಿ 17,000 ಡಾಲರ್ ಕೂಡಿಸುವ ಲೆಕ್ಕವಿತ್ತಂತೆ. 19 ತಲೆ ಬೋಳಾಗಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಬಂತು. ಹಣ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ. ದೊಡ್ಡವರ ಕ್ಯಾನ್ಸರಿಗೆ ಹೋಲಿಸಿದರೆ ಮಕ್ಕಳಲ್ಲಿ ರೋಗಿಗಳು ಕಡಿಮೆ. ಔಷಧ ಕಂಪನಿಗಳಿಗೆ ಅಲ್ಲಿ ಲಾಭವೂ ಕಡಿಮೆ. ಹಾಗಾಗಿ ದಾನಿಗಳ ದುಡ್ಡು ಬೇಕು.

ತಲೆ ಕೊಡುವುದು ನಮಗೇನು ಹೊಸದೇ? ತಿರುಪತಿಯಲ್ಲಿ ಮುಡಿ ಕೊಟ್ಟು ಬೆಳೆದವರು ನಾವು. ಕಷ್ಟವಿದ್ದದ್ದು ಹಣ ಕೇಳುವುದರಲ್ಲಿ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ಎಲ್ಲರ ಕೈಯಲ್ಲೂ ತಟ್ಟೆ ಇರುವಾಗ, ಹಿಂದೆ ಮುಂದೆ ನಿಂತವರಿಗೆ ಕೇಳುವಷ್ಟು ಗಟ್ಟಿ ದನಿಯಲ್ಲಿ ಕೇಳಿದೆ. ಮೇಷ್ಟ್ರ ಗುಟ್ಟು ಅಲ್ಲಿಯೂ ಸುಳ್ಳಾಗಲಿಲ್ಲ.

ಸ್ವಯಂಸೇವಕ ಕ್ಷೌರಿಕರು ಸಾಲಾಗಿ ಕುರ್ಚಿ ಹಾಕಿ ನಿಂತಿದ್ದರು. ನಮ್ಮೂರಿನವರಂತೆ ನೀರು ಚಿಮುಕಿಸಿ ತಲೆ ನಾದುವ ಉಪಚಾರವಿಲ್ಲ. ಒಣ ಕೂದಲಿನ ಮೇಲೆಯೇ ಯಂತ್ರ ಗುರ್ರೆಂದು ಹರಿಯಿತು. ರಕ್ತದ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದ ಹುಡುಗಿಯೊಬ್ಬಳು ನನ್ನ ಹಣೆಯಿಂದ ನೆತ್ತಿಯವರೆಗೆ ಮೊದಲ ಗೆರೆ ಎಳೆದಳು. ಸೊಟ್ಟಗೆ ಎಳೆದು, ಅದನ್ನು ಮೆಚ್ಚಿಕೊಂಡು ನಕ್ಕಳು. ಅವಳಿಗೆ ಕೊಟ್ಟ ಔಷಧಗಳ ಹೆಸರನ್ನು ಅವಳ ತಾಯಿ ಹೇಳುತ್ತಿದ್ದಾಗ ವಿನ್‌ಕ್ರಿಸ್ಟೀನ್ ಎಂಬುದು ಕಿವಿಗೆ ಬಿತ್ತು. ನಮ್ಮ ಕಾಲೇಜಿನ ಪ್ರಯೋಗಾಲಯದ ಹಿಂದಿನ ನಲ್ಲಿಯ ಪಕ್ಕ ತಾನೇ ತಾನಾಗಿ ಬೆಳೆದಿದ್ದ ನಿತ್ಯಪುಷ್ಪದಿಂದ ಬಂದ ಔಷಧ ಅದು. ಮೇಷ್ಟ್ರು ಆ ಗಿಡದ ಮುಂದೆ ನಮ್ಮನ್ನು ನಿಲ್ಲಿಸಿ ಇದನ್ನೇ ಹೇಳಿದ್ದರು. ನಾವು ರೆಕಾರ್ಡ್ ಪುಸ್ತಕದಲ್ಲಿ ಐದು ಎಸಳು ಬಿಡಿಸಿ ಅಂಕ ಪಡೆದು ಮರೆತಿದ್ದೆವು.

ವಿಡಿಯೊ ಕರೆಯಲ್ಲಿ ನನ್ನ ತಲೆ ಕಂಡು ಅಮ್ಮ ಕಿರುಚಿದರು. "ಅಪ್ಪ ಗುಂಡುಕಲ್ಲಿನ ಹಾಗೆ ಇದ್ದಾರಲ್ಲೋ, ಇದೇನು ಅಪಶಕುನ!" ಅಪ್ಪ ಹಿಂದಿನಿಂದ ಇಣುಕಿ ನೋಡಿ, ಎಷ್ಟು ಹಣ ಬಂತೆಂದು ಮಾತ್ರ ಕೇಳಿದರು.

ಮರುವರ್ಷ ನಮ್ಮ ವಿಭಾಗದ ಪ್ರಾಧ್ಯಾಪಕರೊಬ್ಬರು ಆ ಕುರ್ಚಿಯಲ್ಲಿ ಕುಳಿತರು. ಅವರ ತಲೆಯಲ್ಲಿ ಬೋಳಿಸಲು ಏನೂ ಉಳಿದಿರಲಿಲ್ಲ. ವರ್ಷಗಟ್ಟಲೆ ಬೆಳೆಸಿದ್ದ ಗಡ್ಡವನ್ನು ಕೊಟ್ಟರು. ವಿದ್ಯಾರ್ಥಿಗಳು ಮುಗಿಬಿದ್ದು ಹಣ ಹಾಕಿದರು. ನನ್ನ ತುಂಬುಗೂದಲಿಗೆ ಬಂದದ್ದಕ್ಕಿಂತ ಆ ಗಡ್ಡಕ್ಕೆ ಬಂದದ್ದೇ ಹೆಚ್ಚು.